ನೀವು ರದ್ದು ಮಾಡಿಸಿದ ಸೀಟು

ರೀ,

ಲಾಂಡ್ರಿಯಲ್ಲಿ ಬಾಯ್ಲರ್ ಆರಿಸಿ ನೀವು ಮನೆಗೆ ಬರೋ ಹೊತ್ತಿಗೆ ನಾನು ವಿಮಾನ ಹತ್ತಿರ್ತೀನಿ. ಅಡುಗೆ ಫ್ರಿಜ್‌ನಲ್ಲಿದೆ, ಬಿಸಿ ಮಾಡ್ಕೊಳ್ಳಿ.

ಹಾಲು ಒಲೆ ಮೇಲಿಟ್ಟು ಟಿವಿ ಮುಂದೆ ಕೂರಬೇಡಿ. ನಾವು ರಜೆಗೆ ಹೋಗಬೇಕಿದ್ದ ಆ ದ್ವೀಪದ ಬೆಟ್ಟ ಬೆಂಕಿ ಉಗುಳಿದ್ದು ನಮ್ಮಜ್ಜಿ ಹುಟ್ಟೋಕೂ ಮುಂಚೆಯಂತೆ. ನೀವಿಟ್ಟ ಹಾಲು ವಾರವಾರವೂ ಉಕ್ಕುತ್ತೆ. ಒರೆಸೋ ಬಟ್ಟೆ ಸಿಂಕ್ ಕೆಳಗಿದೆ; ನಿಮಗೆ ಗೊತ್ತಿರಲಿಕ್ಕಿಲ್ಲ.

ದಿನವಿಡೀ ಬೆಂಕಿ ಮುಂದೆ ನಿಂತು ದುಡಿಯೋ ಗಂಡಸು ನೀವು. "ಕಾಲ ಕೆಳಗೆ ಬೆಂಕಿ ಇರೋ ಜಾಗಕ್ಕೆ ಯಾರಾದ್ರೂ ರಜೆಗೆ ಹೋಗ್ತಾರೇನೇ?" ಅಂತ, ನನ್ನನ್ನು ಒಂದು ಮಾತೂ ಕೇಳದೆ ನಿಮ್ಮ ಸೀಟು ರದ್ದು ಮಾಡಿಸಿಬಿಟ್ರಿ. ಭೇಷ್!

ಗಿಡಗಳಿಗೆ ನೀರು ಹಾಕಿ.

"ಅಮ್ಮಾ, ಕಾಫಿ" ಅಂತ ಕೂಗಿ ಗಂಟಲು ನೋಯಿಸ್ಕೋಬೇಡಿ. ನೀವು ಬಿಟ್ಟ ಆ ಸೀಟಲ್ಲಿ ನಿಮ್ಮಮ್ಮನೇ ಹೊರಟಿದ್ದಾರೆ. ಕರಿ ಮರಳ ಮೇಲೆ ಕಾಲು ಚಾಚಿ ಕೂರಬೇಕಂತೆ, ಬಿಸಿನೀರಿನ ಬುಗ್ಗೆಯಲ್ಲಿ ಮಂಡಿನೋವು ಕಳ್ಕೋಬೇಕಂತೆ.

"ನಿಮ್ಮ ಮಗನಿಗ್ಯಾಕೆ ಅಷ್ಟು ಪುಕ್ಕಲುತನ ಅತ್ತೆ?" ಅಂತ ಕೇಳಿದೆ. ನಿಮ್ಮ ತಂಪು ಕನ್ನಡಕವನ್ನೇ ಏರಿಸ್ಕೊಂಡು, ಕನ್ನಡಿ ನೋಡ್ತಾ ಅಂದ್ರು: "ಅದೆಲ್ಲ ಅವರಪ್ಪನ ಕಡೆಯಿಂದ ಬಂದದ್ದಮ್ಮ. ನಡಿ, ಲೇಟಾಯ್ತು."