ಏಂಜಲ್ ಮೀನಿನ ನೆಂಟಸ್ತನ

ನವೆಂಬರ್ 10, ಭಾನುವಾರ

ಮೀನಿನ ತೊಟ್ಟಿಯ ನೀರು ಬದಲಾಯಿಸಿದೆ. ಗಾಜು ಒರೆಸಿದೆ. ನೀರೊಳಗಿನ ಅಮೆಜಾನ್ ಗಿಡದ ಹಣ್ಣೆಲೆ ಕತ್ತರಿಸಿದೆ. ನನ್ನ ಕರಿ ಏಂಜಲ್ ಮೀನು ಕಪ್ಪಿ ಮತ್ತೊಂದು ಗಪ್ಪಿ ಮರಿಯನ್ನು ನುಂಗಿದ್ದಾಳೆ. ಬಾಲ ಇನ್ನೂ ಬಾಯಲ್ಲೇ ಇತ್ತು, ಏನೂ ಗೊತ್ತಿಲ್ಲದವಳ ಹಾಗೆ ತೇಲುತ್ತಿದ್ದಳು. ಇಂಥದ್ದಕ್ಕೆ ಏಂಜಲ್ ಅಂತ ಯಾವ ಪುಣ್ಯಾತ್ಮ ಹೆಸರಿಟ್ಟನೋ.

ಮಧ್ಯಾಹ್ನ ಚಿತ್ರದುರ್ಗದಿಂದ ಮೀನಿನಂಗಡಿ ಸಲೀಂ ಭಾಯಿ ಫೋನು. ಫುಡ್ ಬಂದಿದೆ ಅಂತ ಶುರು ಮಾಡಿ ನೆಂಟಸ್ತನಕ್ಕೆ ಬಂದು ನಿಂತರು. ರಾಮಗಿರಿಯಲ್ಲಿ ಸ್ಟೇಷನ್ ಮಾಸ್ಟರ್ ಒಬ್ಬರಿದ್ದಾರಂತೆ, ಜಯಕುಮಾರ್. ಅವರ ಹತ್ತಿರ ಒಂಟಿ ಏಂಜಲ್, ಬೆಳ್ಳಿ ಬಣ್ಣ. ಅಲ್ಲಿನ ಬೋರ್ ನೀರು ಗಡಸು, ಮೀನು ಸೊರಗಿದೆ. ನಮ್ಮ ಮಾರಿಕಣಿವೆ ಕ್ವಾರ್ಟರ್ಸಿಗಾದರೆ ಡ್ಯಾಂ ನೀರು.

“ನಿಮ್ದು ಹೆಣ್ಣು, ಮಾಸ್ಟರ್‌ದು ಗಂಡು. ಕೂಡ್ಸಿ ನೋಡ್ರಿ ಮೇಡಂ.”

ಜೋಡಿಯಾಗದಿದ್ದರೆ ಅವರ ಮೀನು ಅವರು ವಾಪಸ್ ಒಯ್ಯುವುದು ಎಂದು ಮಾತು. ಮೀನಿಗೂ ಬ್ರೋಕರ್! ಹೂಂ ಅಂದೆ.

ನವೆಂಬರ್ 17, ಭಾನುವಾರ

ಮಾಸ್ಟರ್ ಬಂದಿದ್ದರು. ಹೊಸದುರ್ಗ, ಹಿರಿಯೂರು — ಬಸ್ಸು ಬದಲಾಯಿಸಿಕೊಂಡು, ಹಾಲಿನ ಕ್ಯಾನಿನಲ್ಲಿ ಮೀನಿಟ್ಟುಕೊಂಡು, ಅದನ್ನು ತೊಡೆ ಮೇಲೇ ಹಿಡಿದುಕೊಂಡು. ಎತ್ತರದ ಆಳು. ಮೀಸೆ ಅರ್ಧ ನರೆತಿದೆ. ಹೆಂಡತಿ ತೀರಿಕೊಂಡಿದ್ದಾರೆ. ಅದನ್ನು ರೈಲಿನ ಟೈಮ್ ಹೇಳಿದ ಹಾಗೆ ಹೇಳಿದರು.

ಮೀನನ್ನು ಕ್ಯಾನಿನಿಂದ ಕವರಿಗೆ ಹಾಕಿ ತೊಟ್ಟಿಯಲ್ಲಿ ತೇಲಿಬಿಟ್ಟೆ; ಅಲ್ಲಿನ ನೀರಿಗೆ ಅದು ಒಗ್ಗುವ ತನಕ ಕಾಯಬೇಕು. ಕಾದೆವು. ಗಂಡಿನ ಕಡೆಯವರ ಹಾಗೆ ಕುರ್ಚಿ ತುದಿಯಲ್ಲಿ ಕೂತಿದ್ದರು. ಏನು ಮಾತಾಡುವುದೋ ಇಬ್ಬರಿಗೂ ತಿಳಿಯದು. ಇನ್ನೊಂದು ಲೋಟ ಕಾಫಿ ಸಿಗುತ್ತದೆಯೇ ಎಂದು ಅವರೇ ಕೇಳಿದರು. ನನಗೆ ಜೀವ ಬಂತು.

ಅವರು ಹೋದ ಮೇಲೆ ಪಕ್ಕದ ಮನೆ ಹುಚ್ಚಕ್ಕ ಕಾಂಪೌಂಡಿನ ಮೇಲಿಂದ: “ಮೀನಿಗೆ ಗಂಡು ತರ್ಸಿದ್ಯಂತೆ. ನಿನಗ್ಯಾವಾಗ ತರ್ಸದವ್ವ ನೇತ್ರಾವತಿ?”

ನಕ್ಕು ಒಳಗೆ ಬಂದೆ. ನನಗೆ ನಲವತ್ತಮೂರು. ಅಮ್ಮನ ಕಾಯಿಲೆ, ಅಣ್ಣಂದಿರ ಸಂಸಾರ ಅಂತ ಆ ವಿಷಯ ಎಂದೋ ಮುಚ್ಚಿಹೋಯಿತು. ಅವರು ಕುಡಿದಿಟ್ಟ ಲೋಟ ಸಂಜೆಯವರೆಗೂ ತೊಳೆಯಲಿಲ್ಲ. ಹುಚ್ಚು.

ನವೆಂಬರ್ 20

ಎರಡೂ ಬಾಯಿಗೆ ಬಾಯಿ ಕಚ್ಚಿಕೊಂಡು ಎಳೆದಾಡುತ್ತಿವೆ. ಗಾಬರಿಯಾಗಿ ಅವರಿಗೆ ವಿಡಿಯೋ ಕಳಿಸಿದೆ. ‘ಜಗಳ ಇದ್ದಲ್ಲೇ ಸಂಸಾರ ಮೇಡಂ’ ಎಂದು ಉತ್ತರ. ಡ್ಯಾಂ ಆಫೀಸಿನಲ್ಲಿ ಫೈಲಿನ ಹಿಂದೆ ಮೊಬೈಲಿಟ್ಟುಕೊಂಡು ಎಷ್ಟು ಸಲ ಓದಿದೆನೋ.

ಡಿಸೆಂಬರ್ 1, ಭಾನುವಾರ

ಬಂದರು. ಮೀನಿಗೆ ಹುಳದ ಪ್ಯಾಕೆಟ್ ತಂದಿದ್ದರು. ನನಗೆ ಏನೂ ಇಲ್ಲ. ಸರಿ, ನಾನೇನು ಮೀನೇ.

ಡಿಸೆಂಬರ್ 15, ಭಾನುವಾರ

ಜೋಡಿ! ಈಗ ಒಂದರ ಬೆನ್ನಿಗೊಂದು. ಅಗಲ ಎಲೆಯೊಂದನ್ನು ಸರದಿ ಮೇಲೆ ಉಜ್ಜಿ ಶುಚಿ ಮಾಡುತ್ತಿವೆ. ಹತ್ತಿರ ಸುಳಿದ ಗಪ್ಪಿಗಳನ್ನು ಮೂಲೆಗೆ ಅಟ್ಟಿವೆ.

ಇಬ್ಬರೂ ನೆಲದ ಮೇಲೆ ಕೂತು ನೋಡಿದೆವು. ಸ್ಟೇಷನ್ ಬಗ್ಗೆ ಹೇಳಿದರು. ಹಿಂದೆ ಗುಡ್ಡ, ಮುಂದೆ ಹಳಿ, ಮಾತಿಗೆ ಜನ ಇಲ್ಲ. “ಬಾವುಟ ಹಿಡ್ಕಂಡು ನಿಂತಿರ್ತೀನಿ ಮೇಡಂ. ಎಲ್ರೂ ಬಾವುಟ ನೋಡ್ತಾರೆ. ಹಿಡ್ಕಂಡೋನ್ನ ಯಾರೂ ನೋಡಲ್ಲ.”

ನಾನು ನೋಡುತ್ತೇನೆ ಅನ್ನಬೇಕು ಅನ್ನಿಸಿತು. ಉಪ್ಪಿಟ್ಟು ಬಡಿಸಿದೆ.

ಡಿಸೆಂಬರ್ 26

ಬೆಳಿಗ್ಗೆ ಎಲೆ ತುಂಬ ಮೊಟ್ಟೆ. ಸಾಲು ಸಾಲು, ಸಾಸಿವೆಗಿಂತ ಸಣ್ಣವು. ಆಫೀಸಿಗೆ ತಡವಾದರೂ ಪರವಾಗಿಲ್ಲ ಎಂದು ನಿಂತು ನೋಡಿದೆ. ಕಪ್ಪಿ ಇಡುತ್ತಿದ್ದಳು. ಪಕ್ಕಕ್ಕೆ ಸರಿದಳು. ಬೆಳ್ಳಿ ಮುಂದೆ ಬಂತು — ಅದೂ ಇಟ್ಟಿತು.

ಸಲೀಂ ಭಾಯಿಗೆ ಫೋನು ಮಾಡಿದೆ. “ಎರಡೂ ಇಟ್ಟವಾ? ಹಂಗಾದ್ರೆ ಎರಡೂ ಹೆಣ್ಣೇ. ಮರಿ ಆಗಲ್ಲ ಮೇಡಂ. ಮೊಟ್ಟೆ ಬೆಳ್ಳಗಾಗ್ತವೆ, ನೋಡ್ತಿರ್ರಿ.” ಗಂಡಿಲ್ಲದಿದ್ದರೂ ಕೆಲವು ಹೆಣ್ಣುಗಳು ಹೀಗೆ ಜೊತೆ ಕಟ್ಟಿಕೊಳ್ಳುತ್ತವಂತೆ. ಮಾಸ್ಟರ್ ತಮ್ಮದನ್ನು ಒಯ್ಯಲಿ, ಇನ್ನೊಂದು ಗಂಡು ಹುಡುಕಿಕೊಡುತ್ತೇನೆ ಎಂದರು.

ಇನ್ನೊಂದು ಗಂಡು ಯಾರಿಗೆ ಬೇಕಾಗಿದೆ! ಮಾಸ್ಟರ್‌ಗೆ ನಾನೇ ಹೇಳುತ್ತೇನೆ, ನೀವು ಬಾಯಿ ಬಿಡಬೇಡಿ ಅಂದೆ. ಮೀನು ಹೋದರೆ ಅವರು ಯಾತಕ್ಕೆ ಬರುತ್ತಾರೆ?

ಡಿಸೆಂಬರ್ 28

ಬೆಳ್ಳಗಾದವು. ಆದರೂ ಎರಡೂ ಎಲೆ ಬಿಟ್ಟು ಕದಲಿಲ್ಲ, ರೆಕ್ಕೆಯಿಂದ ಗಾಳಿ ಹಾಕುತ್ತಲೇ ಇವೆ. ನೋಡಲಾಗದೆ ಅಡುಗೆಮನೆಗೆ ಹೋದೆ.

ಅವರಿಗೆ ಬರೆದೆ: ಮೊಟ್ಟೆ ಇಟ್ಟಿತ್ತು, ಕೆಟ್ಟವು, ಮೊದಲ ಸಲ ಹಾಗಾಗುತ್ತದಂತೆ. ‘ಮುಂದಿನ ಸಲ ಆಗ್ತವೆ ಬಿಡಿ, ಬೇಜಾರ್ ಮಾಡ್ಕೋಬೇಡಿ’ ಎಂದರು. ಪಾಪದ ಮನುಷ್ಯನಿಗೆ ಸುಳ್ಳು ಹೇಳುತ್ತಿದ್ದೇನೆ.

ಜನವರಿ 14

ಡ್ಯಾಂ ಕೋಡಿ ಬಿದ್ದಿದೆ. ಆಫೀಸಿನಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಕಾರು, ಟ್ರ್ಯಾಕ್ಟರು, ಬೈಕು. ಕಬ್ಬು ತಿನ್ನುವವರು, ಸೆಲ್ಫಿ ತೆಗೆಯುವವರು. ಮತ್ತೋಡಿನ ಕಡೆಯಿಂದ ಕುರಿ ಮೇಯಿಸುವವರು ಕೂಡ ಕಂಬಳಿ ಹೊದ್ದು ಬಂದು ನೋಡಿ ಹೋದರು. ಊರಿಗೂರೇ ಬಂತು.

ಅವರೊಬ್ಬರು ಬರಲಿಲ್ಲ. ಜೊತೆಯವರು ರಜೆ ಹಾಕಿದ್ದಾರಂತೆ, ಡ್ಯೂಟಿ ಮೇಲೆ ಡ್ಯೂಟಿ. ಗೊತ್ತಿದೆ. ಗೊತ್ತಿದ್ದೂ ಎತ್ತರದ ಆಳು ಯಾರು ಕಂಡರೂ ಕಿಟಕಿಗೆ ಹೋದೆ. ಇಷ್ಟು ಬೇಕಾಗಿಬಿಟ್ಟಿದ್ದಾರೆ ನನಗೆ. ಬರೆದೇ ಬಿಟ್ಟೆ — ಬೇಕು.

ಜನವರಿ 26, ಭಾನುವಾರ

ಆಫೀಸಿನ ಧ್ವಜಾರೋಹಣ ಮುಗಿಸಿ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಗಾಜಿನ ಸಣ್ಣ ತೊಟ್ಟಿ. ದುರ್ಗದಿಂದ ಬಸ್ಸಿನಲ್ಲಿ ತಂದಿದ್ದಾರೆ, ಗಾಜು ಒಡೆಯದಂತೆ ಎದೆಗವಚಿಕೊಂಡು. ಮರಿಗಳಾದರೆ ಬೇರೆ ಇಡಲು. ಅಂಗಿಯ ಮುಂಭಾಗವೆಲ್ಲ ಸುಕ್ಕು.

ಇನ್ನು ತಡೆಯಲಾಗಲಿಲ್ಲ. ನಿಂತಲ್ಲೇ ಹೇಳಿದೆ: “ಮರಿ ಆಗಲ್ಲ ಸಾರ್. ಎರಡೂ ಹೆಣ್ಣು. ಅವತ್ತೇ ಗೊತ್ತಿತ್ತು ನನಗೆ. ಹೇಳ್ಲಿಲ್ಲ.”

ಬೆಡ್‌ಶೀಟು ಮಡಿಸುತ್ತ ಇದ್ದರು. ಮಡಿಸಿ ಮುಗಿಸಿದರು.

“ಗೊತ್ತೈತೆ ಮೇಡಂ. ಸಲೀಂ ಭಾಯಿ ಆಗಲೇ ಹೇಳಿದ್ರು.”

ಆ ಮಹರಾಯನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಗೊತ್ತಿದ್ದೂ ಈ ತೊಟ್ಟಿ ಯಾಕೆ ತಂದಿರಿ ಎಂದು ಕೇಳಿದೆ. ನನ್ನ ಕಡೆ ನೋಡಲಿಲ್ಲ.

“ಬರಾಕೆ ಏನಾದ್ರೂ ಒಂದು ನೆವ ಬೇಕಲ್ಲ ಮೇಡಂ.”

ಏನಾದರೂ ಹೇಳಬೇಕಿತ್ತು. ಈ ಜನ್ಮಕ್ಕೆ ಒಂದು ಮಾತು. ಕಾಫಿ ಇಡ್ತೀನಿ ಅಂದೆ. ಥೂ ನನ್ನ.

ಕಾಫಿ ಕುಡಿದರು. ಮೀನು ಒಯ್ಯುವ ಮಾತೆತ್ತಲಿಲ್ಲ. ನಾಲ್ಕರ ಬಸ್ಸಿಗೆ ಹೋದರು.

ಫೆಬ್ರವರಿ 2, ಭಾನುವಾರ

ಫೋನಿಲ್ಲ. ಮೆಸೇಜಿಲ್ಲ. ತಪ್ಪಾಗಿ ಮಾತಾಡಿಬಿಟ್ಟೆ ಅಂದುಕೊಂಡಿರುತ್ತಾರೆ. ಮಾತಾಡಬೇಕಾದವಳು ಅಡುಗೆಮನೆಗೆ ಓಡಿದಳಲ್ಲ, ಅವರಾದರೂ ಏನೆಂದು ತಿಳಿಯಬೇಕು?

ತೊಟ್ಟಿ ಹಾಗೇ ಖಾಲಿ ಇದೆ. ಹುಚ್ಚಕ್ಕ ಅದರಲ್ಲಿ ಮೆಂತ್ಯ ಸೊಪ್ಪು ಬೆಳೀಬಹುದು ಅಂದಳು. ಇವತ್ತು ನಗು ಬರಲಿಲ್ಲ.

ಫೆಬ್ರವರಿ 6

ಊಟದ ಹೊತ್ತಿನಲ್ಲಿ, ಟೈಪಿಂಗ್ ಸೆಕ್ಷನ್ನಿನ ಹಿಂದೆ ಹೋಗಿ ನಿಂತು, ಬರೆದು ಕಳಿಸಿದೆ.

‘ಈ ಸಲ ಏನೂ ತರಬೇಡಿ. ಮೀನಿನ ವಿಷಯಕ್ಕೂ ಬರಬೇಡಿ. ನನ್ನನ್ನು ನೋಡುವುದಕ್ಕೆ ಬನ್ನಿ.’

ಕಳಿಸಿ ಫೋನು ಆಫ್ ಮಾಡಿಬಿಟ್ಟೆ. ಮನೆಗೆ ಬರುವ ತನಕ ಆನ್ ಮಾಡುವ ಧೈರ್ಯವಾಗಲಿಲ್ಲ.

ಉತ್ತರ ಬಂದಿತ್ತು: ‘ಭಾನುವಾರ ಡ್ಯೂಟಿ. ಸೋಮವಾರ ರೆಸ್ಟ್. ಸೋಮವಾರ ಬರ್ಲಾ?’

ಬನ್ನಿ ಅಂದೆ. ಅಷ್ಟೇ. ಬನ್ನಿ.

ಫೆಬ್ರವರಿ 7, ಶುಕ್ರವಾರ

ಸೋಮವಾರಕ್ಕೆ ರಜೆ ಅರ್ಜಿ ಕೊಟ್ಟೆ. ಮ್ಯಾನೇಜರ್ ಮೂರ್ತಪ್ಪನವರು ಕನ್ನಡಕದ ಮೇಲಿಂದ ನೋಡಿ ಏನಮ್ಮ ವಿಶೇಷ ಅಂದರು. ಅರ್ಜಿಯಲ್ಲಿದೆ ಸಾರ್ ಅಂದೆ. ‘ಸ್ವಂತ ಕೆಲಸದ ನಿಮಿತ್ತ’ ಎಂದು ಬರೆದಿದ್ದೆ, ಎಲ್ಲರೂ ಬರೆಯುವ ಹಾಗೆ. ಇಷ್ಟು ವರ್ಷ ನಾನೂ ಅದನ್ನೇ ಬರೆದದ್ದು. ಅಮ್ಮನ ಆಸ್ಪತ್ರೆಗೆ. ಅಣ್ಣನ ಗೃಹಪ್ರವೇಶಕ್ಕೆ. ಅತ್ತಿಗೆಯ ಸೀಮಂತಕ್ಕೆ. ಅದರಲ್ಲಿ ಒಂದೂ ನನ್ನದಾಗಿರಲಿಲ್ಲ. ಇದು ನನ್ನದು.