ಊಟದ ಡಬ್ಬಿ ಕೊಕ್ಕೆಗೆ ಹಾಕಬೇಡ

ಕೆಳಗಿನಣ್ಣನಿಗೆ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಕಬ್ಬಿಣದ ಲಾರಿಯವನು ನಿನ್ನ ಹೊಸ ಸೈಟಿಗೂ ಮಾಲು ಇಳಿಸುತ್ತಾನಂತೆ. ಅವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಕವರಿಗೆ ಅಂಟು ಹಾಕಿದ್ದೇನೆ. ನಮ್ಮ ವಾಕಿಟಾಕಿಯ ಹಾಗಲ್ಲ, ಇದು ನಿನ್ನೊಬ್ಬನಿಗೇ ಕೇಳಿಸುತ್ತದೆ. ಚುಚ್ಚಿ ಆಡಿದ ಮಾತಲ್ಲ ಅಣ್ಣ, ನೀನು ಒಮ್ಮೆ ನಗಲಿ ಎಂದು ಬರೆದೆ.

ವರ್ಷಗಟ್ಟಲೆ ಜೊತೆಗಿದ್ದರೂ ನಿನ್ನ ಮುಖಕ್ಕಿಂತ ನಿನ್ನ ಹೆಲ್ಮೆಟ್ಟಿನ ನೆತ್ತಿಯನ್ನೇ ನಾನು ಹೆಚ್ಚು ನೋಡಿದ್ದು. ನಾನು ಕ್ರೇನಿನ ತುದಿಯ ಗಾಜಿನ ಪೆಟ್ಟಿಗೆಯಲ್ಲಿ, ನೀನು ಕೆಳಗಿನ ಧೂಳಿನಲ್ಲಿ. ನನಗೆ ಕಾಣದ ಮೂಲೆಗಳನ್ನು ನೀನು ನೋಡಿ ಹೇಳುತ್ತಿದ್ದೆ. "ಎಡಕ್ಕೆ... ಇನ್ನೂ ಒಂಚೂರು... ಇಳ್ಸು, ಇಳ್ಸು... ಸಾಕಪ್ಪ." ಆ "ಸಾಕಪ್ಪ" ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ನಿಲ್ಲುತ್ತಿತ್ತು. ಮಧ್ಯಾಹ್ನ ನಾನು ಇಳಿದು ಹತ್ತಿದರೆ ಕ್ರೇನ್ ಸುಮ್ಮನೆ ನಿಲ್ಲುತ್ತದೆಂದು, ನೀನು ಊಟದ ಡಬ್ಬಿಯನ್ನೂ ಚಹಾದ ಫ್ಲಾಸ್ಕನ್ನೂ ಬಕೆಟ್ಟಿನಲ್ಲಿಟ್ಟು ಕೊಕ್ಕೆಗೆ ತಗಲಿಸುತ್ತಿದ್ದೆ. ಕೊಕ್ಕೆಯನ್ನು ಕ್ಯಾಬಿನ್ನಿನ ಪಕ್ಕಕ್ಕೆ ಎಳೆದುಕೊಂಡು ನಾನು ಕೈಚಾಚುತ್ತಿದ್ದೆ. ನಿಯಮದಲ್ಲಿ ಇದಕ್ಕೆ ಅವಕಾಶವಿಲ್ಲ, ಆದರೆ ಎಲ್ಲರೂ ಕಂಡೂ ಕಾಣದಂತಿದ್ದರು. ನೀನು ಕೆಳಗಿನವರಿಗೆ ಕೂಗಿ ಹೇಳುತ್ತಿದ್ದೆ: "ಮೇಲಿನವ್ನು ಒಪ್ಕೊಂಡ ಕಣ್ರೋ, ಇನ್ನು ನಾವು ತಿನ್ಬೋದು!"

ಇರುವೆಗಳ ವಿಷಯ ನಿನಗೆ ನೆನಪಿರಲೇಬೇಕು. ಕಾಗೆಯೂ ಅಪರೂಪಕ್ಕೆ ಬರುವ ಆ ಎತ್ತರಕ್ಕೆ ಇರುವೆ ಬಂದದ್ದು ಹೇಗೆ? ಬಕೆಟ್ಟಿನಲ್ಲೇ ಬಂದಿರಬೇಕು. ನಾನು ನಿನ್ನ ಚಹಾವನ್ನು ಬೈದೆ. "ಇದೇನ್ ಚಹಾನಾ, ಪಾಕಾನಾ? ಕ್ಯಾಬಿನ್ ತುಂಬಾ ಇರುವೆ!" ನೀನೂ ಬಿಡಲಿಲ್ಲ. "ಚೆಲ್ಲೋನು ನೀನು, ಬೈಸ್ಕೊಳ್ಳೋನು ನಾನು." ಮರುದಿನ ಸಕ್ಕರೆಯೇ ಇಲ್ಲದ ಚಹಾ ಕಳಿಸಿ ಸೇಡು ತೀರಿಸಿಕೊಂಡೆ. ಇರುವೆ ಹೋಗಲಿಲ್ಲ. ಸಂಜೆ ಏಣಿಯ ಬುಡದಲ್ಲಿ ನನ್ನನ್ನು ತಡೆದು ನಿಲ್ಲಿಸಿ ಕೇಳಿದೆಯಲ್ಲ, "ಇರುವೆ ಮುತ್ಕೊಂಡಿರೋದು ಫ್ಲಾಸ್ಕಿಗಾ, ಇಲ್ಲಾ ನಿನ್ನ ಇನ್ನೊಂದು ಬಾಟ್ಲಿಗಾ?" ಇನ್ನೊಂದು ಬಾಟಲಿ ಎಂದರೆ, ಇಳಿಯಲಾಗದವನು ಮೂತ್ರಕ್ಕೆ ಇಟ್ಟುಕೊಂಡದ್ದು. ಕೆಲವು ದಿನಗಳಿಂದ ಅದು ಸಾಲದೆ ಎರಡಾಗಿತ್ತು. ನಾನು ಉತ್ತರ ಕೊಡುವ ಮೊದಲೇ ನಿನ್ನ ಮುಖ ಸಪ್ಪಗಾಯಿತು. "ಮನೆಗೆ ಆಮೇಲೆ ಹೋಗು. ಮೊದ್ಲು ರಕ್ತ ಕೊಟ್ಟು ಬಾ" ಎಂದೆ. ನಿನ್ನ ತಾಯಿಗೂ ಸಕ್ಕರೆ ಕಾಯಿಲೆ ಹೀಗೇ ಶುರುವಾಗಿತ್ತಂತೆ.

ಡಾಕ್ಟರು ಒಳ್ಳೆಯವರು. "ಮಾತ್ರೆ ಈಗ್ಲೇ ಬೇಡ. ಮೂರು ತಿಂಗಳು ಊಟ ಹಿಡೀರಿ, ದಿನಾ ನಡೀರಿ. ಆಮೇಲೆ ನೋಡೋಣ" ಎಂದರು. ಏನು ಕೆಲಸ ಎಂದು ಕೇಳಿದರು. ಕೂತಿರೋದು ಎಂದೆ. ಎಲ್ಲಿ ಎಂದರು. ಬೆರಳನ್ನು ಮೇಲಕ್ಕೆ ತೋರಿಸಿದೆ. ಪೂಜಾರಿ ಎಂದುಕೊಂಡರೋ ಏನೋ, ಮತ್ತೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಕಂಬಿಯ ಕಟ್ಟು ಇನ್ನೂ ಗಾಳಿಯಲ್ಲಿತ್ತು. ಆಗ ನಿನ್ನ ದನಿ ಬಂತು. "ಏನಪ್ಪಾ ರಿಪೋರ್ಟು? ಶುಗರ್ರೇ ತಾನೇ?" ಕಾಳಜಿಯಿಂದಲೇ ಕೇಳಿದೆ, ಗೊತ್ತು. ಆದರೆ ಆ ಚಾನೆಲ್ಲಿನಲ್ಲಿ ಇಡೀ ಸೈಟು ಇತ್ತು. ಸೇಫ್ಟಿ ಆಫೀಸರ್ ಕೂಡ ಇದ್ದರು. ಆಮೇಲೆ ಅವರ ದನಿ. "ಕ್ರೇನ್, ಲೋಡ್ ಇಳಿಸಿ ಕೆಳಗೆ ಬನ್ನಿ." ಅಷ್ಟೆತ್ತರದಲ್ಲಿ ನನಗೆ ತಲೆ ತಿರುಗಿದರೆ ಪ್ರಾಣ ಹೋಗುವುದು ಕೆಳಗಿನವರದು. ಅವರದು ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಮುಂದಿನ ರಿಪೋರ್ಟು ಸರಿಯಾಗಿ ಬಂದರೆ ಸೀಟು ನಿಮ್ಮದೇ, ಅಲ್ಲಿಯವರೆಗೆ ನೆಲ ಎಂದರು. ಹುಡುಗರು ನಿನಗೆ 'ಲೌಡ್‌ಸ್ಪೀಕರ್' ಎಂದು ಹೆಸರಿಟ್ಟರು. ನಾನು ಒಬ್ಬರ ಬಾಯಿಯನ್ನಾದರೂ ಮುಚ್ಚಿಸುವಷ್ಟರಲ್ಲಿ ನೀನು ಬೇರೆ ಸೈಟಿಗೆ ಹೆಸರು ಬರೆಸಿಕೊಂಡು ಹೋಗಿಬಿಟ್ಟಿದ್ದೆ.

ಆಮೇಲಿನ ದಿನಗಳನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ? ಗಾಜಿನ ಪೆಟ್ಟಿಗೆ ಚಿಕ್ಕದೆಂದು ನಾನು ಗೊಣಗುತ್ತಿದ್ದೆ. ಮನೆ ಅದಕ್ಕಿಂತ ಚಿಕ್ಕದಾಯಿತು. ನನ್ನ ಹೆಂಡತಿ, ನಿನ್ನ ಬಾಯಲ್ಲಿ 'ನಮ್ಮ ತಂಗಿ', ಸಕ್ಕರೆ ಡಬ್ಬಿಯನ್ನು ಬಟ್ಟೆಯ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಅನ್ನ ಒಂದೇ ಬಟ್ಟಲು, ಮಿಕ್ಕದ್ದೆಲ್ಲ ಸೊಪ್ಪು, ಕಾಳು, ಸೌತೆಕಾಯಿ. ನನ್ನೆದುರು ಬೇರೆ ಊಟ ಮಾಡಬಾರದೆಂದು ಅವಳೂ ಮಗಳೂ ಅದನ್ನೇ ತಿಂದರು. ತಕರಾರು ಮಾಡಲು ನನಗೆ ಬಾಯಿಯೇ ಇಲ್ಲದಂತಾಯಿತು. ಇತ್ತ ಅಮ್ಮ, ಯಾರೂ ಇಲ್ಲದಾಗ ಸೆರಗಿನ ಮರೆಯಿಂದ ಬಾಳೆಹಣ್ಣು ತೆಗೆದು, "ಒಂದು ತಿಂದ್ರೆ ಏನೂ ಆಗಲ್ಲ ಮಗಾ, ಮುಖ ಹೆಂಗೆ ಬತ್ತೋಗಿದೆ ನೋಡು" ಎನ್ನುತ್ತಾಳೆ. ತಿಂದರೆ ಹೆಂಡತಿಗೆ ದ್ರೋಹ, ಬಿಟ್ಟರೆ ಅಮ್ಮನಿಗೆ ಬೇಜಾರು. ಅತ್ತ ದರಿ, ಇತ್ತ ಪುಲಿ. ಬೆಳಿಗ್ಗೆ ನಡೆಯಲು ಹೊರಟರೆ ಮಗಳು ಹಿಂದೆಯೇ ಬರುತ್ತಾಳೆ, ಬೇಕರಿ ಇರುವ ಬೀದಿಗೆ ತಿರುಗಗೊಡುವುದಿಲ್ಲ. "ಅಪ್ಪಾ, ಆ ಕಡೆ ನಾಯಿ ಇದೆ" ಎಂದು ಸುಳ್ಳು ಹೇಳುತ್ತಾಳೆ. ಎಲ್ಲರದೂ ಪ್ರೀತಿಯೇ. ಅದಕ್ಕೇ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಬೈಯುವ ಜೈಲರನಾದರೆ ಅವನನ್ನು ಬೈಯಬಹುದು. ಸೌತೆಕಾಯಿ ಹೆಚ್ಚಿಕೊಡುವ ಜೈಲರನ್ನು ಏನೆಂದು ಬೈಯುವುದು?

ಸೈಟಿನಲ್ಲಿ ನನಗೆ ಯಾವ ಕೆಲಸ ಕೊಟ್ಟರು ಗೊತ್ತೇ? ನಿನ್ನದು. ನಿನ್ನ ವಾಕಿಟಾಕಿ, ನಿನ್ನ ಸೀಟಿ, ನಿನ್ನ ಬೆವರಿನ ವಾಸನೆ ಇನ್ನೂ ಹೋಗದ ಆ ಕಿತ್ತಳೆ ಜಾಕೆಟ್ಟು. ಮೊದಲ ವಾರ ಕುತ್ತಿಗೆ ತಿರುಗಿಸಲಾಗಲಿಲ್ಲ. ನೀನು ಸಂಜೆ ಕುತ್ತಿಗೆ ಹಿಡಿದುಕೊಂಡು ಕೂರುತ್ತಿದ್ದುದನ್ನು ನಾನು ನಾಟಕವೆಂದುಕೊಂಡಿದ್ದೆ. ಲೋಡಿಗಿಂತ ಮುಂದೆ ಓಡಬೇಕು, ಕೆಳಗಿದ್ದವರನ್ನು ಗದರಿ ಸರಿಸಬೇಕು, ಕಟ್ಟಡ ಸುತ್ತಿ ಆಚೆ ಬದಿಗೆ ಹೋಗಬೇಕು, ಮಹಡಿ ಹತ್ತಿ ಇಳಿಸಿಕೊಳ್ಳಬೇಕು, ಮತ್ತೆ ಕೆಳಗೆ ಬರಬೇಕು. ಮೇಲಿನಿಂದ ನೋಡಿದಾಗ ನೀನೊಂದು ಹಳದಿ ಹೆಲ್ಮೆಟ್ಟಿನ ಚುಕ್ಕೆ, ನಿಧಾನವಾಗಿ ಜರುಗುತ್ತಿದ್ದೆ. ಆ ಚುಕ್ಕೆ ದಿನವಿಡೀ ಓಡುತ್ತಿತ್ತೆಂದು ನನಗೆ ಗೊತ್ತಾದದ್ದು ಈಗ.

ಮೊನ್ನೆ ರಿಪೋರ್ಟು ಬಂತು. ಇಳಿದಿದೆ ಅಣ್ಣ, ಚೆನ್ನಾಗಿಯೇ ಇಳಿದಿದೆ. ಡಾಕ್ಟರು ಕಾಗದವನ್ನು ಎರಡು ಸಲ ನೋಡಿ, "ಏನ್ ಮಾಡಿದ್ರಿ?" ಎಂದರು. "ನಮ್ಮಣ್ಣನ ಕೆಲಸ ಮಾಡ್ದೆ" ಎಂದೆ. "ಹಾಗಾದ್ರೆ ಅದನ್ನೇ ಮಾಡ್ತಾ ಇರಿ" ಎಂದರು. ಅದೇ ಕಾಗದ ನೋಡಿ ಸೇಫ್ಟಿ ಆಫೀಸರ್, "ಸೋಮವಾರದಿಂದ ಸೀಟು ನಿಮ್ದು" ಎಂದರು.

ನಾನು ಸಿಕ್ಕಿಬಿದ್ದಿರುವುದು ಇಲ್ಲಿ. ನೆಲದ ಮೇಲೆ ಓಡಾಡಿದ್ದಕ್ಕೆ ಸಕ್ಕರೆ ಇಳಿಯಿತು. ಇಳಿದದ್ದಕ್ಕೆ ಬಹುಮಾನವಾಗಿ ಮತ್ತೆ ಕೂರುವ ಕೆಲಸ. ಕೂತರೆ ಏರುತ್ತದೆ, ಏರಿದರೆ ಮತ್ತೆ ಕೆಳಗೆ, ಆ ಸಲ ಬಹುಶಃ ಶಾಶ್ವತವಾಗಿ. ಕೆಳಗೇ ಇದ್ದುಬಿಡು ಎನ್ನುತ್ತಾಳೆ ಹೆಂಡತಿ. ಅವಳ ಮಾತಿನಲ್ಲಿ ತಪ್ಪಿಲ್ಲ. ಆದರೆ ಆಳೆತ್ತರದ ಗೋಡೆಯ ಚೂರೊಂದನ್ನು ಗಾಳಿಯಲ್ಲಿ ತೇಲಿಸಿ, ಬಸಿಯ ಮೇಲೆ ಕಪ್ಪು ಇಟ್ಟಂತೆ ಸದ್ದಿಲ್ಲದೆ ಕೂರಿಸುವುದೊಂದೇ ನನಗೆ ಬರುವ ವಿದ್ಯೆ. ಈ ತಿಂಗಳುಗಳಲ್ಲಿ ತಲೆಯೆತ್ತಿ ಆ ಪೆಟ್ಟಿಗೆಯ ತಳ ನೋಡಿದಾಗಲೆಲ್ಲ, ನನ್ನ ಮನೆಯಲ್ಲಿ ಬೇರೆ ಯಾರೋ ಬಾಡಿಗೆಗಿರುವಂತೆ ಅನ್ನಿಸಿತು.

ನಿನ್ನೆ ಧೈರ್ಯ ಮಾಡಿ ಸೇಫ್ಟಿ ಆಫೀಸರನ್ನು ಕೇಳಿದೆ. ಮಧ್ಯಾಹ್ನ ನಾನು ಏಣಿ ಇಳಿದು, ಕೆಳಗೆ ಉಂಡು, ಸೈಟಿಗೆ ಒಂದು ಸುತ್ತು ಹಾಕಿ, ಮತ್ತೆ ಹತ್ತಲು ಬಿಡಬೇಕು ಎಂದು. ಅವರು ಯೋಚಿಸಿ ಹೇಳಿದರು, "ಅಷ್ಟು ಹೊತ್ತು ಕ್ರೇನ್ ನಿಂತ್ರೂ ಮಹಡಿಗಳಲ್ಲಿ ಕೆಲಸ ನಿಲ್ಲಬಾರ್ದು. ಬೇಕಾದ್ದೆಲ್ಲ ಊಟಕ್ಕೆ ಮುಂಚೆನೇ ಮೇಲೆ ಹಾಕ್ಸೋ ಅಂಥ ಸಿಗ್ನಲ್ ಕೊಡೋರು ಇದ್ರೆ ನನ್ನ ಅಡ್ಡಿ ಇಲ್ಲ. ಅಂಥವ್ರು ಯಾರಿದಾರೆ?" ಯಾವ ಮಹಡಿಗೆ ಯಾವ ಹೊತ್ತಿಗೆ ಏನು ಬೇಕಾಗುತ್ತದೆಂದು ಕೇಳದೆಯೇ ತಿಳಿದಿದ್ದವನು ಈ ಸೈಟಿನಲ್ಲಿ ಒಬ್ಬನೇ ಇದ್ದ. ನಾನು ಹೆಸರು ಹೇಳುವ ಮುಂಚೆ ಅವರೇ, "ಬರ್ತಾರಾ ಕೇಳಿ" ಎಂದರು.

ಕೇಳುತ್ತಿದ್ದೇನೆ. ಬಾ. 'ಲೌಡ್‌ಸ್ಪೀಕರ್' ಎನ್ನುವವರು ಅನ್ನಲಿ. ನಿನ್ನ ಆ ಒಂದು ಕೂಗು ನನ್ನನ್ನು ಕೆಳಗಿಳಿಸಿತು ನಿಜ. ಇಳಿಸದಿದ್ದರೆ ನಾನು ಆ ರಿಪೋರ್ಟನ್ನು ಜೇಬಿನಲ್ಲಿಟ್ಟುಕೊಂಡು ಅಲ್ಲೇ ಕೂತಿರುತ್ತಿದ್ದೆ, ಇರುವೆಗಳ ಜೊತೆ. ಒಂದೇ ಶರತ್ತು: ಚಾನೆಲ್ಲಿನಲ್ಲಿ ಎಡ-ಬಲ ಮಾತ್ರ. ಸಕ್ಕರೆಯ ಸಮಾಚಾರ ಏಣಿಯ ಬುಡದಲ್ಲಿ.

ಸೋಮವಾರ ನಾನು ಹತ್ತುತ್ತೇನೆ. ಬೀಗ ಹಾಕಿದ ಬೀರು ಕೆಳಗೆ, ಗಾಜಿನ ಪೆಟ್ಟಿಗೆ ಮೇಲೆ. ನಡುವೆ ಒಂದು ಏಣಿ, ಸದ್ಯಕ್ಕೆ ನನಗಿರುವ ಬಯಲು ಅಷ್ಟೇ. ವಾಕಿಟಾಕಿಯ ಸ್ವಿಚ್ ಒತ್ತಿದಾಗ ಯಾರ ದನಿ ಬರುತ್ತದೋ ತಿಳಿಯದು. ನಿನ್ನದೇ ಬಂದರೆ, ಡಬ್ಬಿಯನ್ನು ಕೊಕ್ಕೆಗೆ ಹಾಕಬೇಡ. ತೊಡೆಯ ಮೇಲಿಟ್ಟುಕೊಂಡು ಕೂತಿರು. ನಾನೇ ಇಳಿದು ಬರುತ್ತೇನೆ.

ನಿನ್ನ ಕುತ್ತಿಗೆ ನೋವು ಬೇಗ ವಾಸಿಯಾಗಲಿ. ಈಗ ಅದು ನನಗೂ ಗೊತ್ತಿರುವ ನೋವು.

ಇನ್ನೂ ನೆಲದ ಮೇಲೇ ಇರುವ,
ನಿನ್ನ ಮೇಲಿನವನು