ನೀನು ಕಳಿಸಿದ ಫಿಲಿಪೀನ್ಸ್ ಸಿನಿಮಾ

ಗಜೇಂದ್ರಗಡ, ೨೦೦೭

ತಮ್ಮಾ ಮುತ್ತು,

ದುಬೈಯಿಂದ ನೀನು ಕಳಿಸಿದ್ದ ಫಿಲಿಪೀನ್ಸ್ ಸಿನಿಮಾದ ಸಿಡಿಯನ್ನು ಇವತ್ತು ಮಧ್ಯಾಹ್ನ ಕಡೆಗೂ ಹಾಕಿದೆ. ನೀನು ಮದುವೆಯಾಗಬೇಕೆಂದಿದ್ದ ಹುಡುಗಿಯ ನಾಡು ಹೇಗಿದೆಯೆಂದು ಅವ್ವ ನೋಡಲಿ ಎಂದು ಬರೆದಿದ್ದೆ. ಅವ್ವ ಒಪ್ಪಲಿಲ್ಲ ಎಂದು ನಾನು ಉತ್ತರಿಸಿದ ಮೇಲೆ ನಿನ್ನ ಫೋನು ನಿಂತಿತು. ಈಗ ನೀನೆಲ್ಲಿದ್ದೀಯೋ ತಿಳಿಯದು, ಈ ಪತ್ರಕ್ಕೆ ಬರೆಯಲು ವಿಳಾಸವಿಲ್ಲ.

ಸಿನಿಮಾದಲ್ಲಿ ನಾಯಕ ನಾಯಕಿ ಇಬ್ಬರೂ ಅಡುಗೆಮನೆಯಲ್ಲಿ ಮಾತಿಲ್ಲದೆ ಉಣ್ಣುವ ದೃಶ್ಯ ನಿಜಕ್ಕೂ ಚೆನ್ನಾಗಿದೆ. ಉಳಿದಂತೆ ಸಂಗೀತ ಹೆಚ್ಚು, ಅಳು ಹೆಚ್ಚು. ಕೊನೆಗೆ ವಿಮಾನ ನಿಲ್ದಾಣದಲ್ಲಿ ಎಲ್ಲರಿಗೂ ಕ್ಷಮೆ ಸಿಗುವುದನ್ನು ನಾನು ನಂಬಲಿಲ್ಲ.

ಅವ್ವ ಮಗ್ಗದಿಂದ ಎದ್ದು ಬಂದು ಪೂರ್ತಿ ನೋಡಿದಳು. ನಾಯಕಿ ಅತ್ತಾಗ, "ಕಣ್ಣ ಒರಸ್ಕೊಳ್ಳಾಕ ಪಾಪ ಸೆರಗರ ಎಲ್ಲೈತಿ ಆಕಿಗೆ!" ಎಂದು ನಕ್ಕಳು. ಆಮೇಲೆ ಟ್ರಂಕಿನಿಂದ ಒಂದು ಕೆಂಪಂಚಿನ ಸೀರೆ ತೆಗೆದಳು. ಸೊಸೆಗೆಂದು ನೇಯ್ದದ್ದನ್ನು ನಮ್ಮ ಮನೆಯಲ್ಲಿ ಮಾರುವುದಿಲ್ಲವಲ್ಲ.

"ಮುತ್ತೂನ ಹುಡುಗಿಗಂತ ನೇದಿದ್ದೆ. ಆಕಿ ನಮ್ಮನ್ನ ಒಲ್ಲೆ ಅಂದ್ಳು ಅಂತ ನೀ ಹೇಳಿದೆಲ್ಲ, ಯಾಕಂತೋ?"

"ದೂರದ ಮಂದಿ ಹಂಗ ಇರ್ತಾರ, ಬಿಡವ್ವಾ."

ಆಗ ಹೇಳಿದ ಸುಳ್ಳನ್ನೇ ಇವತ್ತೂ ಹೇಳಿದೆ. ಅವ್ವ ಸೀರೆಯನ್ನು ಮಡಚಿ ಒಳಗಿಟ್ಟಳು.